ಹಾಸು ಯಾವ ಕಡೆ

ಮುಂಡ್ರಿಗಿ ಕೈಗಾರಿಕಾ ಪ್ರದೇಶದ ಶೆಡ್ಡು,
ಏಪ್ರಿಲ್ಲಿನ ಮಧ್ಯಾಹ್ನ. ಏಸಿ ಇರುವುದು ತಾಮ್ರಕ್ಕೆ,
ನನಗಲ್ಲ.
ಗಾಜಿನ ಈಚೆ ಕೂತು
ಮೊಣಕೈಯಡಿ ಕರವಸ್ತ್ರ ಹರಡಿಕೊಂಡು
ಬಾಗುವ ವಸ್ತುವಿಗೆ
ಬಾಗದ ಮಾತು ಬರೆಯುತ್ತಿದ್ದೆ.
ದೂರಕ್ಕೆ ಬಳ್ಳಾರಿ ಗುಡ್ಡ,
ಯಾವ ತ್ರಿಜ್ಯಕ್ಕೂ ಬಗ್ಗದ ಬಂಡೆ, ಬಿಸಿಲಿಗೆ ಅಲುಗುತ್ತಿತ್ತು.

ಬಸ್ ಕಂಡಕ್ಟರನ ಟಿಕೆಟ್ ಮಷೀನು, ಅದರ ಮುಚ್ಚಳದೊಳಗೆ
ಹೋಗುವ ಪಟ್ಟಿ ಇದು. ಜೇನಿನ ಬಣ್ಣ.
ಬೆರಳಗಲ. ಉಸಿರು ಬಿಟ್ಟರೆ ಹಾರುತ್ತದೆ.
ತಳದ ಹಾಳೆ: ಪಾಲಿಇಮೈಡ್, ಇಪ್ಪತ್ತೈದು ಮೈಕ್ರಾನ್.
ತಾಮ್ರ: ಹದಿನೆಂಟು. ಮೇಲುಹೊದಿಕೆ: ಮತ್ತೆ ಇಪ್ಪತ್ತೈದು.
ತುದಿಯ ಹಲ್ಲುಗಳಿಗೆ ಚಿನ್ನ, ಅದೂ
ಅಕ್ಕಸಾಲಿ ನಕ್ಕು ವಾಪಸು ಕಳಿಸುವಷ್ಟು.
ಬಾಗುವ ಜಾಗದಲ್ಲಿ ರಂಧ್ರ ಕೂಡದು.
ಗೆರೆ ತಿರುಗುವಾಗ ಮೊಣಕೈ ಮಾಡಬಾರದು,
ಎತ್ತಿನ ಗಾಡಿ ತಿರುಗಿದ ಹಾಗೆ ಸುತ್ತಿ ತಿರುಗಬೇಕು.
(ಹೀಗೇ ಬರೆದಿದ್ದೆ. ಮ್ಯಾನೇಜರು ಹೊಡೆದು ಹಾಕಿ
ತ್ರಿಜ್ಯ ಅರ್ಧ ಮಿಲಿಮೀಟರ್ ಅಂದರು. ಅವರದ್ದೇ ಸರಿ.)

ಹದಿಮೂರು ಟಿಪ್ಪಣಿ, ನಾಲ್ಕು ಪುಟ, ಪರಿಷ್ಕರಣೆ ಬಿ.
ಒಂದು ಅಂಕಿ ತಪ್ಪಿಲ್ಲ.
ಆದರೂ ಹುಬ್ಬಳ್ಳಿಯಿಂದ ಡಬ್ಬ ವಾಪಸು ಬಂತು:
ಸಾವಿರಕ್ಕೆ ಮುನ್ನೂರು ಪಟ್ಟಿ
ನಾಲ್ಕು ತಿಂಗಳು ಮುಚ್ಚಳ ತೆರೆದು ಮುಚ್ಚುವುದರೊಳಗೆ
ಒಳಗೊಳಗೇ ಸೀಳಿ,
ಹೊರಗೆ ಏನೂ ಆಗದವರ ಹಾಗೆ.
ಸಿರುಗುಪ್ಪದ ಬಸ್ಸಿನಲ್ಲಿ ಯಾರೋ ಕಂಡಕ್ಟರ್
ಮಷೀನಿನ ತಲೆಗೆ ಎರಡು ಮೊಟಕಿ
ಕೊನೆಗೆ ಹಳೇ ಟಿಕೆಟ್ ಕಟ್ಟು ಹುಡುಕಿರಬೇಕು.

ಸೂಕ್ಷ್ಮದರ್ಶಕದಡಿ ಆ ಬಿರುಕು
ಕಾಲುವೆಯ ಕೆಸರು ಒಣಗಿದಂತೆ ಇರಲಿಲ್ಲ;
ನೇರ. ಕತ್ತರಿ ಇಟ್ಟಂತೆ.

ಮಾಬುನ್ನಿ ಬಂದಳು. ಹೊದಿಕೆ ಅಂಟಿಸುವ ಮೇಜಿನವಳು,
ಅದಕ್ಕೂ ಮುಂಚೆ ಕೌಲ್ ಬಜಾರಿನಲ್ಲಿ
ಹದಿನೇಳು ವರ್ಷ ಜೀನ್ಸ್ ಕತ್ತರಿಸಿದವಳು.
ಹೆಬ್ಬೆರಳ ಉಗುರು ಇನ್ನೂ ನೀಲಿ ಅನ್ನುತ್ತಾಳೆ,
ನನಗೆ ಕಂಡಿಲ್ಲ.
ಪಟ್ಟಿಯನ್ನು ಬೆಳಕಿಗೆ ಹಿಡಿದು,
ಆಮೇಲೆ ಶೀಟಿನ ಉಳಿದ ಚೂರನ್ನೂ ಹಿಡಿದು,
"ಇದಕ್ಕೆ ತಾನಾ ಯಾವ ಕಡೆ ಐತೆ ಮೇಡಂ?"

ತಾನಾ. ನಮ್ಮಜ್ಜಿ ಮಗ್ಗದ ಗುಂಡಿಯಲ್ಲಿ ಕೂತು
ಹಾಸು ಅನ್ನುತ್ತಿದ್ದದ್ದು.
ಬಟ್ಟೆಯಲ್ಲ ಇದು, ಲೋಹ ಅಂದೆ.
"ಲೋಹಾನೂ ಲಟ್ಟಿಸಿರ್ತಾರಲ್ಲ?
ಎಳೆದ ಕಡೇನೇ ಉದ್ದ ಆಗೋದು ಚಪಾತಿ.
ಜಾಗ ಉಳೀಲಿ ಅಂತ ಅಡ್ಡ ಇಟ್ಟು ಕತ್ತರಿಸ್ಯಾರೆ ನೋಡ್ರಿ.
ನಮ್ಮ ಸೇಟೂ ಹಂಗೇ ಮಾಡಿಸೋನು,
ಥಾನಿಗೆ ಎರಡು ಪ್ಯಾಂಟು ಜಾಸ್ತಿ.
ಮೂರನೇ ಒಗೆತಕ್ಕೆ ಕಾಲು ತಿರುಚಿಕೊಂಡು ಕೂಡ್ತಿತ್ತು."

ಕಡತ ತೆಗೆದು ನೋಡಿದೆ. ಶೀಟಿಗೆ ಆರು ಪಟ್ಟಿ ಹೆಚ್ಚಿಗೆ ಸಿಗಲೆಂದು
ಲೇಔಟಿನ ಹುಡುಗ ತೊಂಬತ್ತು ಡಿಗ್ರಿ ತಿರುಗಿಸಿದ್ದ.
ಅವನ ತಪ್ಪಲ್ಲ. ನನ್ನ ಹದಿಮೂರು ಟಿಪ್ಪಣಿಗಳಲ್ಲಿ
ದಿಕ್ಕು ಎಂಬ ಪದವೇ ಇಲ್ಲ.
ದಪ್ಪ ಬರೆದಿದ್ದೆ, ಅಗಲ ಬರೆದಿದ್ದೆ,
ಎಷ್ಟು ಬಿಸಿಗೆ ಎಷ್ಟು ನಿಮಿಷ ಎಂದು ಬರೆದಿದ್ದೆ;
ತಾಮ್ರ ಎಲ್ಲಿಂದ ಎಲ್ಲಿಗೆ ಉರುಳಿ ಬಂತು
ಎಂದು ಕೇಳಿಯೇ ಇರಲಿಲ್ಲ.

ಟಿಪ್ಪಣಿ ಹದಿನಾಲ್ಕು: ತಾಮ್ರದ ಎಳೆ ಪಟ್ಟಿಯ ಉದ್ದಕ್ಕೇ ಇರತಕ್ಕದ್ದು,
ಮಡಿಕೆಯ ಗೆರೆಗೆ ಅಡ್ಡವಾಗಿ. ಬಾಣದ ಗುರುತು ನೋಡಿ.
ಬಾಣ ಎಳೆದೆ. ದರ್ಜಿಯ ಕಾಗದದ ಮೇಲೆ ಇರುತ್ತದಲ್ಲ,
ಎರಡೂ ತುದಿಗೆ ಮೊನೆ, ಅಂಥದ್ದು.

ಪರಿಶೀಲಿಸಿದವರು ಎಂಬ ಕಾಲಮಿನಲ್ಲಿ
ನಿನ್ನ ಹೆಸರು ಹಾಕಲೇ ಅಂದರೆ
ಬೇಡವೇ ಬೇಡ ಅಂದಳು, ಮತ್ತೆ ಮುರಿದರೆ
ನನ್ನನ್ನೇ ಕರೀತಾರೆ.
ಲೋಟದ ತಳದ ಟೀ ಹೀರಿ ಮೇಜಿಗೆ ಹೋದಳು.

ಪರಿಷ್ಕರಣೆ ಸಿ. ಬದಲಾವಣೆ: ಬಾಣ ಒಂದು.
ಕಾರಣ ಎಂಬ ಕಾಲಮು ಇಕ್ಕಟ್ಟು,
ಹನ್ನೆರಡು ಅಕ್ಷರ ಹಿಡಿದರೆ ಹೆಚ್ಚು.
ಬಹಳ ಹೊತ್ತು ಕೂತು
ಬಟ್ಟೆ ಎಂದು ಬರೆದೆ.

ಹುಬ್ಬಳ್ಳಿಯಿಂದ ಫೋನು: ಇದೇನು, ಅಚ್ಚಿನ ತಪ್ಪೇ?
ಅಲ್ಲ, ಹಾಗೇ ಇರಲಿ, ಅಂದೆ.